ಕಾಂಚನಮಾಲಮ್ಮನವರ ಗಾಜಿನ ಕೋಣೆ

ನಾನು ಮಾಡಿದ ಕೆಲಸದಲ್ಲಿ ನೀರು ಸೋರುತ್ತಿದೆ ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅರಸೀಕೆರೆಯಲ್ಲಿ ಅಲ್ಯೂಮಿನಿಯಂ ಕಿಟಕಿ, ಗಾಜಿನ ಬಾಗಿಲು, ಶೀಟಿನ ಚಾವಣಿ ಮಾಡಿಕೊಡುವ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ನನ್ನ ಕೈಯಿಂದ ಹೋದ ಒಂದು ಕಿಟಕಿಯೂ ಮಳೆಗೆ ಸೋತಿಲ್ಲ ಎಂದು ಕಂಡಕಂಡವರ ಮುಂದೆ ಜಂಬ ಕೊಚ್ಚಿಕೊಳ್ಳುವವನು ನಾನು. ಹೀಗಿರುವಾಗ ಹೋದ ವರ್ಷ ದೀಪಾವಳಿ ಕಳೆದ ವಾರ ಹಳೇಬೀಡಿನ ಅನಂತನಾಥರು ಫೋನ್ ಮಾಡಿ, ನೀವು ಕಟ್ಟಿದ ಗಾಜಿನ ಕೋಣೆಯನ್ನು ನೀವೇ ಬಂದು ಬಿಚ್ಚಿಕೊಂಡು ಹೋಗಿ ಎಂದರು. ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಮಾತು ಆಡಿಬಿಡುತ್ತಿದ್ದೆ. ಆ ಕೋಣೆಯಲ್ಲಿ ಗಾಲಿಕುರ್ಚಿಯ ಮೇಲೆ ಕೂತ ಅವರ ಹೆಂಡತಿ ಕಾಂಚನಮಾಲಮ್ಮ ಕಣ್ಣ ಮುಂದೆ ಬಂದರು. ಬಂದು ನೋಡುತ್ತೇನೆ ಎಂದಷ್ಟೇ ಹೇಳಿ ಫೋನ್ ಇಟ್ಟೆ.

ಕಾಂಚನಮಾಲಮ್ಮನ ವಿಷಯ ಮೊದಲು ಹೇಳಬೇಕು. ಅವರು ಬಾಣಾವರದ ಜವಳಿ ಅಂಗಡಿಯವರ ಮಗಳು. ಹತ್ತೊಂಬತ್ತಕ್ಕೆ ಮದುವೆಯಾಗಿ ಹಳೇಬೀಡಿನ ಬಸದಿಗಳ ಹಿಂದಿನ ಬೀದಿಯ ಈ ಜೈನರ ಮನೆಗೆ ಬಂದರು. ಮನೆಯೊಳಗೇ ಒಂದು ಪುಟ್ಟ ಚೈತ್ಯಾಲಯ, ಅದರಲ್ಲಿ ಗೇಣುದ್ದದ ಪಾರ್ಶ್ವನಾಥ. ಗಂಡಸರು ದಿನಾ ಬೆಳಿಗ್ಗೆ ಸ್ನಾನ ಮಾಡಿ, ಮಡಿ ಬಟ್ಟೆ ಉಟ್ಟು ಅಭಿಷೇಕ ಮಾಡಬೇಕು. ಆ ಬಟ್ಟೆಯನ್ನು ಒಗೆದು ಹಿಂಡಿ, ಯಾರ ಮೈಯೂ ತಾಗದ ಕಡೆ ಹರವಿ ಒಣಗಿಸುವುದು ಮನೆಯ ಹೆಂಗಸರ ಪಾಲಿನದು. ಬಂದ ಮೊದಲ ವಾರವೇ ಅತ್ತೆ ಅವರ ಕೈಗೆ ಅವರಿಗಿಂತ ಉದ್ದದ ಒಂದು ಕೋಲು ಕೊಟ್ಟು, ಎಂಟಡಿ ಎತ್ತರದ ಗಳುವಿನ ಮೇಲೆ ಸೀರೆ ಹರವು ಎಂದರಂತೆ. ಹುಡುಗಿ ಕೋಲಿನ ತುದಿಗೆ ಒದ್ದೆ ಸೀರೆ ಸಿಕ್ಕಿಸಿ ಎತ್ತಿದಳು, ಸೀರೆ ಪೂರ್ತಿ ಅವಳ ತಲೆಯ ಮೇಲೆಯೇ ಬಿತ್ತು. ಮತ್ತೆ ಒಗೆ ಎಂದರು ಅತ್ತೆ. ಆವತ್ತು ಒಂದೇ ಸೀರೆ ಮೂರು ಸಲ ಒಗೆದೆ ಎಂದು ಕಾಂಚನಮಾಲಮ್ಮ ನನಗೆ ನಗುತ್ತಾ ಹೇಳಿದ್ದರು.

ಆಮೇಲೆ ನಲವತ್ತೇಳು ವರ್ಷ ಆ ಮನೆಯ ಮಡಿ ಒಣಗಿದ್ದು ಅವರ ಕೈಯಲ್ಲೇ. ಹೆರಿಗೆಯ ದಿನ, ಮುಟ್ಟಿನ ದಿನ, ಸೂತಕದ ದಿನ ಬಿಟ್ಟರೆ ಒಂದು ದಿನವೂ ತಪ್ಪಿಲ್ಲ. ಯಜಮಾನರ ಪಂಚೆ, ಶಲ್ಯ, ಮೂರ್ತಿ ಒರೆಸುವ ಬಟ್ಟೆ, ತಮ್ಮ ಸೀರೆ, ಸೊಸೆಯ ಸೀರೆ, ಕುಡಿಯುವ ನೀರು ಸೋಸುವ ಬಟ್ಟೆ. ಎಲ್ಲದರ ಅಂಚಿಗೆ ಅಂಚು ಕೂಡಿರಬೇಕು, ಒಂದು ಬೆರಳು ಹೆಚ್ಚುಕಡಿಮೆ ಆದರೂ ಇಳಿಸಿ ಮತ್ತೆ ಹರವುತ್ತಿದ್ದರಂತೆ. ಇದು ಉತ್ಪ್ರೇಕ್ಷೆಯಲ್ಲ. ಗಾಜಿನ ಕೋಣೆ ಕಟ್ಟುವಾಗ ನಾನು ನಿಲ್ಲಿಸಿದ ಚೌಕಟ್ಟನ್ನು ಕುರ್ಚಿಯಿಂದಲೇ ನೋಡಿ, ಎಡಗಡೆ ಸ್ವಲ್ಪ ಇಳಿದಿದೆಯಲ್ಲಪ್ಪ ಎಂದಿದ್ದರು. ನನಗೆ ಸಿಟ್ಟು ಬಂತು. ಇಪ್ಪತ್ತು ವರ್ಷದ ಕೆಲಸಗಾರನಿಗೆ ಅಜ್ಜಿ ಪಾಠ ಹೇಳುವುದೇ ಎಂದು ಮಟ್ಟದ ಪಟ್ಟಿ ಇಟ್ಟು ತೋರಿಸಹೋದೆ. ಎಡಗಡೆ ಅರ್ಧ ಬೆರಳು ಇಳಿದಿತ್ತು. ತೆಪ್ಪಗೆ ಬಿಚ್ಚಿ ಸರಿ ಮಾಡಿದೆ.

ಅವರಿಗೆ ಲಕ್ವ ಹೊಡೆದು ಈಗ ಮೂರು ವರ್ಷ. ಎಡಗಾಲು ಎಡಗೈ ಎರಡೂ ಸೋತವು. ಮಾತು ಉಳಿಯಿತು, ಬಲಗೈ ಉಳಿಯಿತು. ಮಗ ಅಕಲಂಕ ಬಸ್ ನಿಲ್ದಾಣದ ಹತ್ತಿರ ಹಾರ್ಡ್‌ವೇರ್ ಅಂಗಡಿ ನಡೆಸುತ್ತಾನೆ, ನನ್ನ ಗೆಳೆಯ. ಸೊಸೆ ತ್ರಿಶಾ ಒಳ್ಳೆಯವಳು, ಅತ್ತೆಯನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಾಳೆ. ಆದರೆ ಒಳ್ಳೆಯತನದಿಂದಲೂ ಒಂದು ಜೀವಕ್ಕೆ ಉಸಿರುಗಟ್ಟಬಹುದು ಎಂದು ಆ ಮನೆಯಲ್ಲೇ ನಾನು ಕಂಡದ್ದು. ಕಾಂಚನಮಾಲಮ್ಮ ಬತ್ತಿ ಹೊಸೆಯಲು ಕೈ ಚಾಚಿದರೆ, ನೀವು ಕೂತ್ಕೊಳ್ಳಿ ಅತ್ತೆ. ಅಕ್ಕಿ ಆರಿಸಲು ಮೊರ ಎಳೆದರೆ, ನಾನು ಮಾಡ್ತೀನಿ ಬಿಡಿ ಅತ್ತೆ. ದಿನಕ್ಕೆ ಐವತ್ತು ಸಲ ಅವರಿಗೆ ಕೂತುಕೊಳ್ಳಿ ಎನ್ನುತ್ತಿದ್ದರು, ಕೂತೇ ಇದ್ದವರಿಗೆ.

ಹಿತ್ತಲಿನ ಕಡೆ ಅಮ್ಮನಿಗೆ ಒಂದು ಗಾಜಿನ ಕೋಣೆ ಮಾಡಿಸೋಣ, ಬಿಸಿಲು ಬರಲಿ, ಹೊರಗೆ ಓಡಾಡುವವರು ಕಾಣಲಿ ಎಂದದ್ದು ಅಕಲಂಕ. ಹತ್ತಕ್ಕೆ ಹದಿನಾಲ್ಕು ಅಡಿ, ಮೂರು ಕಡೆ ಗಾಜು, ಮೇಲೆ ಬೆಳಕು ಬಿಡುವ ಶೀಟು. ಚಾವಣಿಯ ತುದಿಯಲ್ಲಿ ಗಾಳಿ ಹೋಗಲು ಸೀಳು ಕಿಂಡಿ, ಕೆಳಗೆ ಎರಡು ಜಾಲರಿ ಕಿಂಡಿ ಇಟ್ಟು ನಕ್ಷೆ ಬರೆದುಕೊಂಡು ಹೋಗಿದ್ದೆ. ಅನಂತನಾಥರು ಕನ್ನಡಕ ಏರಿಸಿ ನೋಡಿ, ಇದೆಲ್ಲ ಬೇಡ ಎಂದರು. ಕಿಂಡಿಯಿಂದ ನುಸಿ, ಪತಂಗ ಬರುತ್ತವೆ, ಹೊರಗೆ ಹೋಗಲು ದಾರಿ ತಿಳಿಯದೆ ಮಧ್ಯಾಹ್ನದ ಕಾವಿಗೆ ಗಾಜಿಗೆ ಬಡಿದು ಸಾಯುತ್ತವೆ, ಆ ಪಾಪ ನಮಗೆ ಬೇಡ, ಒಂದು ಇರುವೆಯೂ ಒಳಗೆ ಸಿಕ್ಕಿಕೊಳ್ಳದ ಹಾಗೆ ಮುಚ್ಚಿ ಎಂದರು. ಗಾಳಿ ಆಡಬೇಕು ಯಜಮಾನರೇ ಎಂದು ಒಂದು ಸಲ ಹೇಳಿದೆ. ಎರಡನೇ ಸಲ ಹೇಳಲಿಲ್ಲ. ಗಿರಾಕಿ ಕೇಳಿದ್ದನ್ನು ಕೊಟ್ಟು ಕೈ ತೊಳೆದುಕೊಂಡೆ. ಸಂದುಸಂದಿಗೂ ಸಿಲಿಕೋನ್ ತುಂಬಿದೆ. ಅದು ನನ್ನ ತಪ್ಪು, ಅದನ್ನು ಈಗಲೂ ಒಪ್ಪಿಕೊಳ್ಳುತ್ತೇನೆ.

ಕೆಲಸ ಮುಗಿಯುವ ದಿನ ಕಾಂಚನಮಾಲಮ್ಮ ನನ್ನನ್ನು ಕರೆದು, ಕೂತವರ ಕೈಗೆ ಎಟಕುವ ಎತ್ತರಕ್ಕೆ ಅಡ್ಡಡ್ಡ ಎರಡು ಸ್ಟೀಲ್ ಪೈಪು ಹಾಕಿಕೊಡು ಎಂದರು. ಪರದೆಗೆ ಇರಬೇಕೆಂದುಕೊಂಡು ಹಾಕಿದೆ. ಮಾರನೆಯ ದಿನದಿಂದ ಮಡಿ ಬಟ್ಟೆ ಅಲ್ಲಿ ಒಣಗತೊಡಗಿತು. ಮನೆಯವರಿಗೂ ಒಪ್ಪಿಗೆಯಾಯಿತು. ಕಾಗೆ ಕೂರುವುದಿಲ್ಲ, ಬೀದಿಯ ಧೂಳಿಲ್ಲ, ದಾರಿಹೋಕರು ತಾಗುವುದಿಲ್ಲ, ಮಡಿಗೆ ಇದಕ್ಕಿಂತ ಜಾಗ ಬೇಕೇ. ತ್ರಿಶಾ ಸ್ನಾನ ಮಾಡಿ ಬಟ್ಟೆ ಜಾಲಿಸಿ ಬಕೆಟ್ಟನ್ನು ಅತ್ತೆಯ ಪಕ್ಕ ಇಟ್ಟು ಅಡಿಗೆಗೆ ಹೋಗುವಳು. ಹಿಂಡುವುದು, ಹರವುವುದು ಅತ್ತೆ. ಒಂದೇ ಕೈಯಲ್ಲಿ ಬಟ್ಟೆಯನ್ನು ಕುರ್ಚಿಯ ತೋಳಿಗೆ ಒತ್ತಿ ಒತ್ತಿ ನೀರು ಇಳಿಸಿ, ಪೈಪಿನ ಮೇಲೆ ಎಸೆದು, ಅಂಚಿಗೆ ಅಂಚು ಕೂಡುವವರೆಗೆ ಎಳೆಯುತ್ತಿದ್ದರು. ಎಂಟು ಬಟ್ಟೆಗೆ ಎರಡು ಗಂಟೆ ಹಿಡಿಯುತ್ತಿತ್ತು. ಮುಗಿದ ಮೇಲೆ ಅಮ್ಮನ ಮುಖ ನೋಡಬೇಕಿತ್ತು ನೀನು ಎಂದು ಅಕಲಂಕ ನನಗೆ ಹೇಳಿದ್ದ.

ಫೋನ್ ಬಂದ ಎರಡನೇ ದಿನ ಬೆಳಿಗ್ಗೆಯೇ ಬೈಕ್ ಹತ್ತಿ ಬಾಣಾವರ, ಜಾವಗಲ್ ದಾಟಿ ಹಳೇಬೀಡಿಗೆ ಹೋದೆ. ಕೋಣೆಯ ಬಾಗಿಲು ತೆಗೆದ ಕೂಡಲೇ ಮುಖಕ್ಕೆ ಮುಗ್ಗಲು ವಾಸನೆ ಹೊಡೆಯಿತು. ಚಾವಣಿಯ ಒಳಮೈ ತುಂಬ ಹನಿ, ಗಾಜಿನ ಮೇಲೆ ನೀರಿನ ಗೆರೆಗಳು, ಮೂಲೆಗಳಲ್ಲಿ ಕಪ್ಪು ಬೂಷ್ಟು. ಹೋದ ಚಳಿಗಾಲದಲ್ಲಿ ಶುರುವಾಗಿದ್ದು ಈ ಮಳೆಗಾಲದಲ್ಲಿ ಹೆಚ್ಚಾಗಿ, ಈಗ ಇಬ್ಬನಿ ಬೀಳತೊಡಗಿದ ಮೇಲೆ ತಡೆಯಲಾಗುತ್ತಿಲ್ಲ ಎಂದರು ಯಜಮಾನರು. ಕಾಂಚನಮಾಲಮ್ಮನಿಗೆ ಕೆಮ್ಮು ಹತ್ತಿ ಎರಡು ತಿಂಗಳಾಗಿತ್ತು. ಹಾಸನದ ಡಾಕ್ಟರು ಎದೆ ನೋಡಿ, ಮನೆಯಲ್ಲಿ ಎಲ್ಲಾದರೂ ತಂಡಿ, ಬೂಷ್ಟು ಇದೆಯೇ, ಇದ್ದರೆ ಅಲ್ಲಿ ಕೂರಿಸಬೇಡಿ ಎಂದಿದ್ದರಂತೆ.

ಅನಂತನಾಥರಿಗೆ ಕೆಮ್ಮಿನ ಭಯ ಒಂದು, ಬೂಷ್ಟಿನ ಸಂಕಟ ಇನ್ನೊಂದು. ನಾವಾದರೆ ಬೂಷ್ಟು ಕಂಡರೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಬಿಡುತ್ತೇವೆ. ಅವರಲ್ಲಿ ಬೂಷ್ಟು ಎಂದರೆ ಲೆಕ್ಕವಿಲ್ಲದಷ್ಟು ಜೀವ. ಉಜ್ಜಿದರೆ ಅಷ್ಟೂ ಜೀವದ ಹಿಂಸೆ, ಬಿಟ್ಟರೆ ಇನ್ನಷ್ಟು ಹುಟ್ಟಿ ಸಾಯುತ್ತದೆ. ಪತಂಗ ಸಾಯಬಾರದೆಂದು ಮುಚ್ಚಿಸಿದೆ, ಈಗ ನೋಡಿದರೆ ಮನೆಯೊಳಗೇ ಕಾಣದ ಜೀವದ ಸಂತೆ ಕೂಡಿದೆ ಎಂದು ಅವರು ನೊಂದುಕೊಂಡರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಅವರು ನಿಜವಾಗಿ ಬೇಸರದಲ್ಲಿದ್ದರು. ಕೋಣೆ ಇದ್ದರೆ ತಾನೇ ಇದೆಲ್ಲ, ಬಿಚ್ಚಿಬಿಡಿ ಎಂದರು. ಮೂಲೆಯಲ್ಲಿ ಕೂತ ಕಾಂಚನಮಾಲಮ್ಮ ನನ್ನನ್ನೇ ನೋಡುತ್ತಿದ್ದರು. ಕೋಣೆ ಹೋದರೆ ಅವರು ಮತ್ತೆ ನಡುಮನೆಯ ಕತ್ತಲೆಯ ಮಂಚಕ್ಕೆ ಹೋಗಬೇಕು, ಅದು ಎಲ್ಲರಿಗೂ ಗೊತ್ತಿತ್ತು. ನಾನು ಸಂಕ್ರಾಂತಿಯವರೆಗೆ ಗಡುವು ಕೇಳಿದೆ. ಅಷ್ಟರಲ್ಲಿ ಗಾಜು ಒಣಗದಿದ್ದರೆ ನಾನೇ ಬಂದು ಒಂದೊಂದು ಸ್ಕ್ರೂ ಬಿಚ್ಚುತ್ತೇನೆ ಎಂದೆ. ಯಜಮಾನರು ಒಪ್ಪಿದರು.

ಆವತ್ತು ಹೊರಗಿನಿಂದ ಚಾವಣಿ ಹತ್ತಿ ಪೈಪಿನಲ್ಲಿ ನೀರು ಬಿಟ್ಟು ನೋಡಿದೆ. ಒಂದು ತೊಟ್ಟೂ ಒಳಗೆ ಇಳಿಯಲಿಲ್ಲ. ಸೋರುತ್ತಿಲ್ಲ ಎಂದು ಖಾತ್ರಿಯಾಯಿತು, ಆದರೂ ಒಳಗೆ ಮಳೆ. ಮಲ್ಲಿಗೆಯ ಕುಂಡ ಎರಡಿದ್ದವು, ಅವುಗಳ ಮೇಲೆ ಗುಮಾನಿ ಬಂದು ಹೊರಗೆ ಇಡಿಸಿದೆ. ವಾರ ಬಿಟ್ಟು ಕೇಳಿದರೆ ಏನೂ ವ್ಯತ್ಯಾಸವಿಲ್ಲ ಎಂದ ಅಕಲಂಕ.

ತಲೆ ಕೆಟ್ಟು ಭಾನುವಾರ ಕಣಕಟ್ಟೆಗೆ ಹೋದೆ. ಅಲ್ಲಿ ನಮ್ಮ ತೋಟ, ಅಣ್ಣನ ಮನೆ, ನನ್ನ ತಾಯಿ ಮುದ್ದಮ್ಮ ಇದ್ದಾರೆ. ನಮ್ಮವ್ವ ಓದಿದವಳಲ್ಲ, ಆದರೆ ಕೊಬ್ಬರಿ ಅಟ್ಟ ಅವಳ ಕೈಯಲ್ಲಿದ್ದ ತನಕ ನಮ್ಮ ಮನೆಯ ಕೊಬ್ಬರಿಗೆ ಬೂಷ್ಟು ಬಂದದ್ದಿಲ್ಲ. ಸುಲಿಯದ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಅಟ್ಟದ ನೆಲಕ್ಕೆ ಅಡಿಕೆ ಮರದ ದಬ್ಬೆ ಹಾಸುವುದೇ ಸಂದು ಬಿಟ್ಟು, ಮೇಲೆ ಹೆಂಚಿನ ಕೆಳಗೆ ಗಾಳಿಗೆ ಜಾಗ. ಊಟಕ್ಕೆ ಕೂತು ನಾನು ನನ್ನ ಗೋಳು ಹೇಳಿಕೊಂಡೆ. ಅವಳು ಮುದ್ದೆ ಹಾಕುತ್ತಾ ಪೂರ್ತಿ ಕೇಳಿದಳು.

"ನೀನು ಅಟ್ಟಕ್ಕೆ ಗಾಜು ಬಡಿದು ಮುಚ್ಚಿದ್ದೀಯ ಕಣ್ಲಾ," ಎಂದಳು. "ನೀರು ಹೊರಗಿಂದ ಬತ್ತಿಲ್ಲ. ಒಳಗೇ ಐತೆ. ದಿನಾ ಯಾರೋ ತಂದು ಹಾಕ್ತಾವ್ರೆ, ಹೋಗಾಕೆ ದಾರಿ ಇಲ್ಲ. ಯಾವತ್ತು ಗಾಜು ಒಣಗಿತ್ತು ಅಂತ ಕೇಳ್ನೋಡು, ಗೊತ್ತಾಯ್ತದೆ."

ಇಪ್ಪತ್ತೆರಡು ವರ್ಷದ ಅನುಭವ ಎಂದು ಎದೆ ಉಬ್ಬಿಸಿಕೊಂಡವನಿಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಮಾರನೆಯ ದಿನವೇ ಹಳೇಬೀಡಿಗೆ ಹೋಗಿ ಮನೆಯವರನ್ನೆಲ್ಲ ಕೂರಿಸಿ ಅದನ್ನೇ ಕೇಳಿದೆ. ಯಜಮಾನರಿಗೆ ನೆನಪಾಗಲಿಲ್ಲ. ತ್ರಿಶಾ ಮಾತ್ರ, ಹೋದ ವರ್ಷ ಪುಷ್ಯದಲ್ಲಿ ಹತ್ತು ದಿನ ಗಾಜು ಚೆನ್ನಾಗಿಯೇ ಇತ್ತು, ಬೇಲೂರಿನ ದೊಡ್ಡ ಮಾವ ತೀರಿಕೊಂಡ ಸೂತಕದಲ್ಲಿ, ಆಗ ಚಳಿಯೂ ಜೋರಿತ್ತು, ಆದರೂ ಒಂದು ಹನಿ ಇರಲಿಲ್ಲ, ನಾನೇ ಆಶ್ಚರ್ಯಪಟ್ಟಿದ್ದೆ ಎಂದಳು. ಸೂತಕದಲ್ಲಿ ಆ ಮನೆಯಲ್ಲಿ ಪೂಜೆಯಿಲ್ಲ. ಪೂಜೆಯಿಲ್ಲದಿದ್ದರೆ ಮಡಿಯಿಲ್ಲ. ಬಕೆಟ್ಟು ಆ ಕೋಣೆಗೆ ಬರುವುದಿಲ್ಲ.

ನನಗೆ ಒಂದೇ ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಸರಿಯಾಗಿ ಹಿಂಡದ ಎಂಟು ಬಟ್ಟೆಯ ನೀರು ಹಗಲೆಲ್ಲ ಬಿಸಿಲಿಗೆ ಆವಿಯಾಗಿ, ಹೊರಗೆ ಹೋಗಲು ಒಂದು ಸೂಜಿಯಷ್ಟೂ ದಾರಿಯಿಲ್ಲದೆ, ಬೆಳಗಿನ ಚಳಿಗೆ ಶೀಟಿನ ಮೇಲೆ ಹನಿಗಟ್ಟುತ್ತಿತ್ತು. ಬಾಯಿ ತೆರೆಯುವಷ್ಟರಲ್ಲಿ ಕಾಂಚನಮಾಲಮ್ಮನ ಕಡೆ ನೋಡಿದೆ. ಅವರ ಬಲಗೈ ಬಕೆಟ್ಟಿನ ಹಿಡಿಯ ಮೇಲಿತ್ತು. ತ್ರಿಶಾ ಕಾಫಿ ತರಲು ಒಳಗೆ ಹೋದಳು, ಯಜಮಾನರು ಮಗನ ಜೊತೆ ಹಿತ್ತಲಿಗೆ ಇಳಿದರು.

"ಬಕೆಟ್ಟಿನ ಮಾತು ಎತ್ತಬೇಡಪ್ಪ," ಎಂದರು ಕಾಂಚನಮಾಲಮ್ಮ. ದನಿ ಬಹಳ ತಗ್ಗಿತ್ತು.

ಅವರಿಗೆ ಗೊತ್ತಿತ್ತು. ಬೇಲೂರಿನವರು ತೀರಿಕೊಂಡ ಆ ಹತ್ತು ದಿನದಿಂದಲೇ ಗೊತ್ತಿತ್ತು. ಗೊತ್ತಾದ ಮೇಲೆ ದಿನಾ ಬೆಳಿಗ್ಗೆ ಮನೆಯವರು ಏಳುವ ಮುಂಚೆ ಬಲಗೈ ಬಲಗಾಲು ಊರಿ ಮಂಚದಿಂದ ಕುರ್ಚಿಗೆ ಜರುಗಿ, ಅದನ್ನು ತಳ್ಳಿಕೊಂಡು ಬಂದು, ಕೈಗೆ ಎಟಕುವಷ್ಟು ಗಾಜನ್ನು ಹಳೆಯ ಸೀರೆಯಿಂದ ಒರೆಸಿಡುತ್ತಿದ್ದರು. ಒಂದು ವರ್ಷ ಹಾಗೆ ಮುಚ್ಚಿಟ್ಟಿದ್ದರು. ಆ ತಂಡಿಯಲ್ಲಿ ಕೂತು ಒರೆಸಿ ಒರೆಸಿಯೇ ಕೆಮ್ಮು ಎದೆಗೆ ಇಳಿದದ್ದು. ನನಗೆ ಅವರ ಮೇಲೆ ಕೋಪ ಬಂತು, ಮರುಕ್ಷಣ ಕಣ್ಣು ತುಂಬಿತು. ಸತ್ಯ ಹೇಳಿದರೆ ಬಟ್ಟೆ ಹೊರಗೆ ಹೋಗುತ್ತದೆ, ಬಕೆಟ್ಟು ತ್ರಿಶಾಳ ಕೈಗೆ ಹೋಗುತ್ತದೆ, ಇವರು ಬರೀ ಕೂತಿರಬೇಕು. ಹೇಳದಿದ್ದರೆ ಕೋಣೆಯೇ ಹೋಗುತ್ತದೆ. ನಾನು ಹೇಳಲಿಲ್ಲ. ಸರಿಯೋ ತಪ್ಪೋ, ಆವತ್ತು ನನ್ನಿಂದ ಆಗಲಿಲ್ಲ.

ಬದಲಿಗೆ ಯಜಮಾನರಿಗೆ ನಮ್ಮವ್ವನ ಅಟ್ಟದ ಪಾಠ ಒಪ್ಪಿಸಿದೆ. ಮೇಲೆ ಕಿಂಡಿ, ಕೆಳಗೆ ಕಿಂಡಿ ಇಡದೆ ಈ ಕೋಣೆ ಉಳಿಯುವುದಿಲ್ಲ ಎಂದು ಈ ಸಲ ಖಡಾಖಂಡಿತವಾಗಿ ಹೇಳಿದೆ. ಅವರು ಮತ್ತೆ ಪತಂಗದ ಮಾತು ತೆಗೆದರು. ಸೊಳ್ಳೆ ಜಾಲರಿ ಹಾಕುತ್ತೇನೆ ಎಂದರೆ, ಅದರ ಕಣ್ಣಿನಲ್ಲಿ ಸಣ್ಣ ನುಸಿ ನುಗ್ಗುತ್ತದೆ ಎಂದರು. ಮಾತು ಅಲ್ಲಿಗೇ ನಿಂತಿತ್ತು. ಆಗ ಕಾಂಚನಮಾಲಮ್ಮ, ನೀರು ಸೋಸುವ ಬಟ್ಟೆ ಇದೆಯಲ್ಲ, ನೀರಿನ ಜೀವವೇ ದಾಟದ ಬಟ್ಟೆಯನ್ನು ನುಸಿ ದಾಟುತ್ತದೆಯೇ ಎಂದು ಕೇಳಿದರು. ನೀರಿಗೆ ಎರಡು ಮಡಿಕೆ ಬೇಕು, ಗಾಳಿಗೆ ಒಂದೇ ಸಾಕು. ಒಗೆದೊಗೆದು ಮೆತ್ತಗಾದ ಒಂದು ತುಂಡು ತರಿಸಿ ಬಾಯಿಗೆ ಹಿಡಿದು ಊದಿದೆ, ಉಸಿರು ಆಚೆ ಅಂಗೈಗೆ ತಾಗಿತು. ಯಜಮಾನರೂ ಊದಿ ನೋಡಿದರು. ಸರಿ ಎಂದರು.

ನಾಲ್ಕು ದಿನ ಅಲ್ಲೇ ಕೆಲಸ. ಚಾವಣಿಯ ತುದಿ ಕತ್ತರಿಸಿ ಮುಚ್ಚಳದ ಕಿಂಡಿ ಕೂರಿಸಿದೆ, ಕೆಳಗೆ ನೆಲದ ಹತ್ತಿರ ಎರಡು. ಎಲ್ಲಕ್ಕೂ ತ್ರಿಶಾ ಹೊಲಿದುಕೊಟ್ಟ ಬಟ್ಟೆಯ ಚೌಕಟ್ಟು, ಬಿಚ್ಚಿ ಒಗೆಯುವ ಹಾಗೆ. ಮೂರಕ್ಕೂ ಸೇರಿ ಒಂದೇ ಹಗ್ಗ, ಅದರ ತುದಿ ಗಾಲಿಕುರ್ಚಿಯ ಬಲಗಡೆ. ಹೊತ್ತು ಹುಟ್ಟಿ ಇಬ್ಬನಿ ಆರಿದ ಮೇಲೆ ಎಳೆದರೆ ತೆರೆಯುತ್ತದೆ. ಅವರಲ್ಲಿ ಊಟ ಹೊತ್ತು ಮುಳುಗುವ ಮುಂಚೆಯೇ, ಊಟಕ್ಕೆ ಹೋಗುವಾಗ ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಹಗ್ಗ ಕಾಂಚನಮಾಲಮ್ಮನ ಕೈಯಲ್ಲೇ ಇರಲಿ ಎಂದು ನಾನು ಹಟ ಹಿಡಿದೆ. ಕಪ್ಪಾದ ಸಂದುಗಳನ್ನು ಏನು ಮಾಡುವುದೆಂದು ಮಾತ್ರ ನಾನು ಹೇಳಲಿಲ್ಲ. ಒಣಗಿದರೆ ತಾನಾಗಿ ನಿಲ್ಲುತ್ತದೆ, ಅಲ್ಲಿಯವರೆಗೆ ಆ ಕಡೆ ಅವರನ್ನು ಕೂರಿಸಬೇಡಿ ಎಂದು ಬಂದೆ.

ಮಾರ್ಗಶಿರದ ಮೊದಲ ಎರಡು ವಾರ ಒಳ್ಳೆಯ ಸುದ್ದಿ ಬಂತು. ಗಾಜು ತಿಳಿಯಾಗಿದೆ, ಮುಗ್ಗಲು ವಾಸನೆ ಹೋಗಿದೆ, ಕೆಮ್ಮು ಇಳಿದಿದೆ. ನಾನು ಅಂಗಡಿಯಲ್ಲಿ ಮೀಸೆ ತಿರುವಿಕೊಂಡು ಓಡಾಡಿದೆ. ಆಮೇಲೆ ಮೂರು ದಿನ ಮೋಡ ಕವಿಯಿತು. ಬಿಸಿಲಿಲ್ಲದೆ, ನೆಟ್ಟಗೆ ಹಿಂಡದ ಬಟ್ಟೆ ಸಂಜೆಯಾದರೂ ತೊಟ್ಟಿಕ್ಕುತ್ತಲೇ ಇತ್ತು. ಕಿಂಡಿ ಮುಚ್ಚಿದ ಮೇಲೆ ಮತ್ತೆ ಹಳೆಯ ಕತೆ. ಅಕಲಂಕ ಫೋನ್ ಮಾಡಿದಾಗ ಅವನ ದನಿಯಲ್ಲೇ ಗೊತ್ತಾಯಿತು, ಕೈಲಿದ್ದ ಕೆಲಸ ಬಿಟ್ಟು ಹೊರಟೆ.

ನಾನು ಹೋದಾಗ ಬೆಳಗಿನ ಏಳೂವರೆ. ಯಜಮಾನರು ಸ್ನಾನ ಮುಗಿಸಿ, ಉಡುವ ಪಂಚೆಗಾಗಿ ಗಾಜಿನ ಕೋಣೆಗೆ ಬಂದಿದ್ದರು. ನಾನು ಮಡಿಯಲ್ಲದವನು, ಬಾಗಿಲ ಹೊರಗೇ ನಿಂತೆ. ಅವರು ಚಾವಣಿ ನೋಡುತ್ತಿದ್ದರು. ಹನಿ ಇದ್ದದ್ದು ಎಲ್ಲ ಕಡೆಯಲ್ಲ, ಎರಡು ಪೈಪಿನ ನೇರ ಮೇಲೆ ಮಾತ್ರ, ಪಟ್ಟಿ ಎಳೆದ ಹಾಗೆ. ಒಂದು ಹನಿ ಅವರ ಹೆಗಲಿನ ಮೇಲೆ ಬಿತ್ತು. ಅವರು ಪೈಪು ನೋಡಿದರು, ಒದ್ದೆ ಪಂಚೆ ಮುಟ್ಟಿದರು, ಮೂಲೆಯಲ್ಲಿ ಕುರ್ಚಿಯಲ್ಲಿದ್ದ ಹೆಂಡತಿಯ ಕಡೆ ತಿರುಗಿದರು. ಆ ಮನುಷ್ಯರೇನು ದಡ್ಡರಲ್ಲ.

"ಇದು ನಿನಗೆ ಗೊತ್ತಿತ್ತಾ?" ಎಂದರು.

"ಗೊತ್ತಿತ್ತು."

"ಯಾವಾಗಿಂದ?"

"ಬೇಲೂರಿನ ಭಾವ ಹೋದಾಗಿಂದ."

"ಕೆಮ್ಮು ಬಂದ ಮೇಲಾದರೂ ಹೇಳಬಾರದಿತ್ತಾ? ನಾನು ಈ ಕೋಣೆ ಕೀಳಿಸೋದ್ರಲ್ಲಿದ್ದೆ."

"ಹೇಳಿದ್ರೆ ಬಕೆಟ್ಟು ತಗೊಂಡು ಹೋಗ್ತಿದ್ರಿ," ಎಂದರು ಕಾಂಚನಮಾಲಮ್ಮ. ಅವರು ಅಳಲಿಲ್ಲ. "ಕೋಣೆ ಇದ್ದು ಕೆಲಸ ಇಲ್ದಿದ್ರೂ ಒಂದೇ, ಕೋಣೆ ಇಲ್ದಿದ್ರೂ ಒಂದೇ. ನಿಮ್ಮ ಪೂಜೆಗೆ ನನ್ನ ಕೈಯದು ಅಂತ ಇದೊಂದೇ ಉಳಿದಿರೋದು."

ಅನಂತನಾಥರು ಒದ್ದೆ ಪಂಚೆಯನ್ನೇ ತೆಗೆದು ಹೆಗಲಿಗೆ ಹಾಕಿಕೊಂಡು ಚೈತ್ಯಾಲಯಕ್ಕೆ ಹೋದರು. ಅಂದಿನ ಅಭಿಷೇಕ ಬಹಳ ಹೊತ್ತು ನಡೆಯಿತು. ತ್ರಿಶಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಬಂದು ಅತ್ತೆಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ನಾನೆಷ್ಟು ಸಲ ನಿಮ್ಮ ಕೈಯಿಂದ ಕಿತ್ತುಕೊಂಡೆ ಅತ್ತೆ ಎಂದಷ್ಟೇ ಹೇಳಿದಳು. ನನ್ನ ಮನೆಯೂ ನೆನಪಾಯಿತು. ಅಟ್ಟ ಹತ್ತಬೇಡ, ಬಿದ್ದೀಯ ಎಂದು ನಮ್ಮವ್ವನಿಗೆ ನಾನೂ ಎರಡು ವರ್ಷದಿಂದ ಗದರುತ್ತಿದ್ದೇನೆ.

ಕೆಲಸಗಾರನಿಗೆ ಸಂಕಟವಾದರೆ ಅವನು ಏನಾದರೂ ಕುಟ್ಟಲು ಹೋಗುತ್ತಾನೆ. ತ್ರಿಶಾ ಮಡಿ ಬಟ್ಟೆ ಒಳಗೆ ತೆಗೆದಿಟ್ಟ ಮೇಲೆ ಬೈಕಿನ ಡಬ್ಬಿಯಿಂದ ಒಂದು ಸ್ಟೀಲ್ ಕೊಕ್ಕೆ ತೆಗೆದು ಕೋಣೆಯ ಕಂಬಕ್ಕೆ ಬಿಗಿದೆ. ಬಟ್ಟೆಯನ್ನು ಅದಕ್ಕೆ ಸುತ್ತುಹಾಕಿ ಎರಡು ತುದಿ ಸೇರಿಸಿ ಒಂದೇ ಕೈಯಲ್ಲಿ ತಿರುಚಿದರೆ ನೀರು ಇಳಿಯುತ್ತದೆ, ಕೆಳಗೆ ಬೋಗುಣಿ ಇಟ್ಟರೆ ಸಾಕು ಎಂದು ಹೇಳಿಕೊಟ್ಟೆ. ಕಾಂಚನಮಾಲಮ್ಮ ಶಲ್ಯ ಹಾಕಿ ತಿರುಚಿ ನೋಡಿದರು. ಶಲ್ಯಕ್ಕೆ ಸರಿಹೋಯಿತು, ಎಂಟು ಮೊಳದ ಪಂಚೆ ಜಾರಿ ಜಾರಿ ಬಿತ್ತು. ಇರಲಿ ಬಿಡಪ್ಪ, ನೀನು ಬಹಳ ಮಾಡಿದೆ ಎಂದರು. ಅವರು ಹಾಗೆ ಹೇಳಿದ್ದು ನನಗೆ ಬೈದದ್ದಕ್ಕಿಂತ ಕಷ್ಟವಾಯಿತು. ಹೊರಡುವಾಗಲೂ ಅನಂತನಾಥರು ಪೂಜೆಯಿಂದ ಎದ್ದಿರಲಿಲ್ಲ. ಸಂಕ್ರಾಂತಿಗೆ ಇನ್ನು ಹನ್ನೆರಡು ದಿನ ಇತ್ತು.

ಆ ಹನ್ನೆರಡು ದಿನ ನಾನು ಫೋನ್ ಮಾಡಲಿಲ್ಲ. ಮಾಡಲು ಧೈರ್ಯವಿರಲಿಲ್ಲ. ಅಕಲಂಕನೂ ಮಾಡಲಿಲ್ಲ. ಮೋಡ ಹೋಗಿ ಚಳಿ ಬಿತ್ತು, ಅರಸೀಕೆರೆ ಸ್ಟೇಷನ್ನಿನ ಹಳಿಗಳು ಎಂಟು ಗಂಟೆಯವರೆಗೆ ಕಾಣದಷ್ಟು ಮಂಜು. ಇಂಥ ಚಳಿಯಲ್ಲಿ ಆ ಚಾವಣಿ ಹೇಗಿರಬಹುದು ಎಂದು ದಿನಾ ಹಲ್ಲುಜ್ಜುವಾಗಲೇ ಯೋಚನೆ. ಸಂಕ್ರಾಂತಿಯ ಮುಂಚಿನ ದಿನ, ಕೊಟ್ಟ ಮಾತು ಎಂದು ಸ್ಕ್ರೂಡ್ರೈವರ್, ಸ್ಪ್ಯಾನರ್ ಎಲ್ಲ ಡಬ್ಬಿಗೆ ತುಂಬಿಕೊಂಡು ಕತ್ತಲು ಹರಿಯುವಾಗ ಹೊರಟೆ. ಬಿಚ್ಚಬೇಕಾಗಿ ಬಂದರೆ ಬೇರೆಯವರ ಕೈಯಿಂದ ಆಗುವುದು ಬೇಡ ಎಂದಿತ್ತು ನನಗೆ.

ಮನೆಯ ಮುಂಬಾಗಿಲಿಗೆ ಹೋಗದೆ ಹಿತ್ತಲ ಕಡೆಯಿಂದ ಬಂದೆ. ಹೊರಗಿನ ಗಾಜಿನ ಮೇಲೆ ಇಬ್ಬನಿ ಇತ್ತು, ಬೆರಳಿನಿಂದ ಒರೆಸಿ ಒಳಗೆ ಇಣುಕಿದೆ. ಒಳಗಡೆ ಗಾಜು ಒಣಗಿತ್ತು. ಚಾವಣಿಯಲ್ಲಿ ಒಂದು ಹನಿಯೂ ಇರಲಿಲ್ಲ. ನನಗೆ ನಂಬಿಕೆಯಾಗಲಿಲ್ಲ. ನನ್ನ ಕೊಕ್ಕೆಯೇ ಕೆಲಸ ಮಾಡಿತು ಎಂದು ಒಂದು ಗಳಿಗೆ ಹಿಗ್ಗಿದೆ, ನೋಡಿದರೆ ಕೊಕ್ಕೆಗೆ ಯಾರೋ ಕ್ಯಾಲೆಂಡರ್ ತೂಗುಹಾಕಿದ್ದರು.

ಅಷ್ಟರಲ್ಲಿ ಅನಂತನಾಥರು ಒಳಗೆ ಬಂದರು. ಆಗತಾನೇ ಸ್ನಾನ ಮಾಡಿ ಮಡಿಯುಟ್ಟಿದ್ದರು, ತಲೆಯಿಂದ ಇನ್ನೂ ನೀರು ಇಳಿಯುತ್ತಿತ್ತು. ಎಪ್ಪತ್ತನಾಲ್ಕು ವರ್ಷದ ಆ ಮನುಷ್ಯರು ಅಲ್ಲಿಯವರೆಗೆ ತಮ್ಮ ಲೋಟವನ್ನೂ ತಾವು ತೊಳೆದವರಲ್ಲ. ಬಕೆಟ್ಟಿನಿಂದ ಒದ್ದೆ ಪಂಚೆ ಎತ್ತಿ, ಒಂದು ತುದಿಯನ್ನು ಕುರ್ಚಿಯಲ್ಲಿದ್ದ ಹೆಂಡತಿಯ ಬಲಗೈಗೆ ಕೊಟ್ಟರು. ಇನ್ನೊಂದು ತುದಿಯನ್ನು ತಾವು ಎರಡೂ ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ಹಿಂದೆ ಸರಿದು, ಕಾಲು ಊರಿ ನಿಂತರು. ಕಾಂಚನಮಾಲಮ್ಮ ತಿರುಚತೊಡಗಿದರು. ಪಂಚೆ ಹುರಿಗಟ್ಟಿತು, ನೀರು ಸುರಿಯಿತು, ಮತ್ತೆ ನಿಂತಿತು. ಸಾಕಲ್ಲ ಎಂಬಂತೆ ಅವರು ಗಂಡನ ಮುಖ ನೋಡಿದರು.

"ಇನ್ನೂ ನೀರಿದೆ," ಎಂದರು ಅನಂತನಾಥರು. "ತಿರುಚು. ನಾನು ಹಿಡ್ಕೊಂಡಿದ್ದೀನಿ."